ಮಳೆನೀರಿನ ಗಟಾರವೂ ಮಕ್ಕಳ ಶಿಕ್ಷಣವೂ

ಶಾಲೆಗಳು ಆರಂಭವಾಗಿ ಒಂದೆರಡು ವಾರ ಕಳೆದಿರುತ್ತವೆ. ಸಹ್ಯಾದ್ರಿಯ ಕಡೆಯಿಂದ ಮೋಡ ಕವಿದು ಬೆಳಗಾವಿಯ ಮೇಲೆ ಮುಂಗಾರಿನ ಮೊದಲ ದೊಡ್ಡ ಮಳೆ ಸುರಿಯುತ್ತದೆ. ಮಳೆ ನಿಂತೊಡನೆ ಮಕ್ಕಳು ನೋಟುಬುಕ್ಕಿನ ಹಾಳೆಯನ್ನು ಹರಿದು ದೋಣಿ ಮಾಡಿ, ಓಣಿಯ ಬದಿಯ ಗಟಾರದಲ್ಲಿ ತೇಲಿಬಿಡುತ್ತಾರೆ. ಈ ದೃಶ್ಯವನ್ನು ಕಾಣದ ಶಿಕ್ಷಕರಿಲ್ಲ. ಇದಕ್ಕಾಗಿ ಮಕ್ಕಳನ್ನು ಗದರಿಸದ ಶಿಕ್ಷಕರೂ ವಿರಳ. ಆದರೆ ದೋಣಿಯು ಓಣಿಯ ತಿರುವಿನಲ್ಲಿ ಕಣ್ಮರೆಯಾದಾಗ, "ಗುರುಗಳೇ, ಅದು ಎಲ್ಲಿಗೆ ಹೋಗುತ್ತದೆ?" ಎಂದು ಒಂದು ಮಗು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಸರಿಯಾದ ಉತ್ತರ ಕೊಡಬಲ್ಲೆವು? ನಾನಂತೂ ಬಹುಕಾಲ ಕೊಡಲಾರದವನಾಗಿದ್ದೆ. ಆ ಪ್ರಶ್ನೆಯ ಉತ್ತರವನ್ನು ಹುಡುಕಿದ್ದರ ಫಲವೇ ಪ್ರಸ್ತುತ ಲೇಖನ. ನೀರಿನ ಮಾಲಿನ್ಯವನ್ನು ತಡೆಯುವ ಕಾರ್ಯದಲ್ಲಿ ನಮ್ಮ ಊರಿನ ಮಕ್ಕಳನ್ನು ಹೇಗೆ ತೊಡಗಿಸಬಹುದು, ಹೇಗೆ ತೊಡಗಿಸಬಾರದು ಎಂಬೆರಡನ್ನೂ ಗುರುಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದು ಇದರ ಉದ್ದೇಶ.

ಎರಡು ಬಗೆಯ ಗಟಾರಗಳು

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಗರದಲ್ಲಿ ನೀರು ಹೊರಹೋಗುವ ದಾರಿಗಳು ಎರಡು. ಶೌಚಾಲಯ ಮತ್ತು ಬಚ್ಚಲುಗಳ ನೀರನ್ನು ಕೊಳವೆಗಳ ಮೂಲಕ ಒಯ್ಯತಕ್ಕದ್ದು ಒಳಚರಂಡಿ. ಅದರ ನೀರು ಶುದ್ಧೀಕರಣ ಘಟಕವನ್ನು ಹಾದು ಹೊರಬರಬೇಕೆಂಬುದು ನಿಯಮ. ಬೀದಿಯ ಬದಿಯಲ್ಲಿ ತೆರೆದಿರುವ ಅಥವಾ ಕಲ್ಲುಚಪ್ಪಡಿ ಹೊದಿಸಿದ ಗಟಾರವು ಮಳೆನೀರಿಗಾಗಿ ಕಟ್ಟಿದ್ದು. ಅದರ ದಾರಿಯಲ್ಲಿ ಯಾವ ಶುದ್ಧೀಕರಣ ಘಟಕವೂ ಇಲ್ಲ. ಅದರೊಳಗೆ ಬಿದ್ದದ್ದು ಬಿದ್ದಂತೆಯೇ ನಾಲೆಗೆ, ನಾಲೆಯಿಂದ ನದಿಗೆ ಹೋಗುತ್ತದೆ.

ಜನರ ಮನಸ್ಸಿನಲ್ಲಿ ಈ ಭೇದವಿಲ್ಲ. ಗಟಾರವೆಂದರೆ ಬೇಡವಾದುದನ್ನು ಎಸೆಯುವ ಸ್ಥಳವೆಂದೇ ತಿಳುವಳಿಕೆ. ಪಾತ್ರೆ ತೊಳೆದ ಮುಸುರೆ, ಬಟ್ಟೆ ಒಗೆದ ಸಾಬೂನಿನ ನೀರು, ವಾಹನ ದುರಸ್ತಿಯ ಅಂಗಡಿಯ ಕರಿ ಎಣ್ಣೆ, ಬಣ್ಣದ ಡಬ್ಬಿ ತೊಳೆದ ನೀರು, ದನದ ಕೊಟ್ಟಿಗೆಯ ಸಗಣಿ, ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲ ಇವೆಲ್ಲಕ್ಕೂ ಅದೇ ಗತಿ. ಬೇಸಿಗೆಯ ತಿಂಗಳುಗಳಲ್ಲಿ ಇವು ಗಟಾರದಲ್ಲಿಯೇ ಒಣಗಿ ಕುಳಿತಿರುತ್ತವೆ. ನಮ್ಮ ಕಣ್ಣಿಗೆ ಅದು ಕೇವಲ ಹೊಲಸು, ನದಿಯ ಸಂಗತಿಯಲ್ಲ. ಮುಂಗಾರಿನ ಮೊದಲ ಮಳೆ ಬಂದೊಡನೆ ತಿಂಗಳುಗಟ್ಟಲೆ ಕೂಡಿಬಿದ್ದ ಆ ಕೊಳೆಯೆಲ್ಲ ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗುತ್ತದೆ. ಆದುದರಿಂದಲೇ ಮಳೆಗಾಲದ ಮೊದಲ ನೀರು ವರ್ಷದಲ್ಲಿಯೇ ಅತ್ಯಂತ ಮಲಿನವಾದ ನೀರು. ನಾವು ಮಳೆ ಬಂದು ಊರು ತೊಳೆದುಹೋಯಿತೆಂದು ಸಂತೋಷಪಡುತ್ತೇವೆ. ಊರು ತೊಳೆದ ನೀರು ಯಾರ ಊರಿಗೆ ಹೋಯಿತೆಂದು ಕೇಳುವುದಿಲ್ಲ.

ಕಾಗದದ ದೋಣಿಯ ದಾರಿ

ಬೆಳಗಾವಿಯ ಮಗುವಿನ ದೋಣಿಯನ್ನೇ ಹಿಂಬಾಲಿಸೋಣ. ನಗರದ ದೊಡ್ಡ ಭಾಗದ ನೀರು ಕೂಡುವುದು ಬಳ್ಳಾರಿ ನಾಲೆಯನ್ನು. ಯಳ್ಳೂರಿನ ಕಡೆ ಹುಟ್ಟಿ, ವಡಗಾವಿ, ಶಹಾಪುರ, ಹಳೆ ಬೆಳಗಾವಿಯ ಹೊಲಗಳ ನಡುವೆ ಹರಿಯುವ ಈ ನಾಲೆಯು ಮುಂದೆ ಮಾರ್ಕಂಡೇಯ ನದಿಯನ್ನು ಸೇರುತ್ತದೆ. ಮಾರ್ಕಂಡೇಯವೆಂದರೆ ರಾಕಸಕೊಪ್ಪದ ಜಲಾಶಯದಿಂದ ನಮಗೆ ಕುಡಿಯುವ ನೀರನ್ನು ಕೊಡುವ ನದಿಯೇ. ಮೇಲ್ಗಡೆಯಲ್ಲಿ ಶುದ್ಧ ನೀರನ್ನು ಪಡೆದು, ಕೆಳಗಡೆಯಲ್ಲಿ ಅದೇ ನದಿಗೆ ಕೊಳೆಯನ್ನು ಹಿಂದಿರುಗಿಸುತ್ತಿದ್ದೇವೆಂಬುದು ಸ್ವಲ್ಪ ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾದ ಮಾತು. ಮಾರ್ಕಂಡೇಯ ನದಿಯು ಗೋಕಾಕದ ಬಳಿ ಘಟಪ್ರಭೆಯನ್ನೂ, ಘಟಪ್ರಭೆಯು ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನೂ ಸೇರುತ್ತವೆ. ಅಲ್ಲಿಂದ ಆಲಮಟ್ಟಿಯ ಅಣೆಕಟ್ಟನ್ನು ದಾಟಿ ಕೃಷ್ಣೆ ಮುಂದೆ ಸಾಗುತ್ತಾಳೆ.

ಈಗ ಖಾನಾಪುರದ ಮಗುವಿನ ದೋಣಿಯನ್ನು ನೋಡೋಣ. ಖಾನಾಪುರ ಪಟ್ಟಣವಿರುವುದು ಮಲಪ್ರಭೆಯ ದಂಡೆಯ ಮೇಲೆಯೇ. ಅದೇ ತಾಲೂಕಿನ ಕಣಕುಂಬಿಯಲ್ಲಿ, ಮಾವುಲಿ ದೇವಿಯ ಸನ್ನಿಧಿಯಲ್ಲಿ ಹುಟ್ಟಿದ ಮಲಪ್ರಭೆ ಕಾಡಿನ ನಡುವೆ ಹರಿದು ಬಂದು ಮೊದಲು ಕಾಣುವ ಪಟ್ಟಣವೇ ಖಾನಾಪುರ. ಆದುದರಿಂದ ನದಿಯ ಶುದ್ಧಿಯ ವಿಷಯದಲ್ಲಿ ಖಾನಾಪುರದ ಮಕ್ಕಳ ಸ್ಥಾನ ಹಿರಿದು. ಅವರು ಕಾಪಾಡಿದ ನೀರು ಮುಂದೆ ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ನಿಂತು, ಹುಬ್ಬಳ್ಳಿ-ಧಾರವಾಡದ ಲಕ್ಷಾಂತರ ಜನರ ಕುಡಿಯುವ ನೀರಾಗುತ್ತದೆ. ಅಲ್ಲಿಂದ ಪಟ್ಟದಕಲ್ಲು, ಐಹೊಳೆಗಳ ಬದಿಯಲ್ಲಿ ಹರಿದು, ಒಟ್ಟು ಸುಮಾರು 300 ಕಿಲೋಮೀಟರುಗಳ ಪಯಣವನ್ನು ಮುಗಿಸಿ ಕೃಷ್ಣೆಯನ್ನು ಕೂಡುತ್ತದೆ.

ಎಲ್ಲಿ ಕೂಡುತ್ತದೆ? ಕೂಡಲಸಂಗಮದಲ್ಲಿ.

ಈ ಒಂದು ಸಂಗತಿಯನ್ನು ನಕ್ಷೆಯ ಮೇಲೆ ಬೆರಳಿಟ್ಟು ನೋಡಿದಾಗ ನಾನು ಕೆಲಹೊತ್ತು ಸುಮ್ಮನೆ ಕುಳಿತೆ. ಬೆಳಗಾವಿಯ ಓಣಿಯ ನೀರು ಕೃಷ್ಣೆಯ ಮೂಲಕ, ಖಾನಾಪುರದ ಓಣಿಯ ನೀರು ಮಲಪ್ರಭೆಯ ಮೂಲಕ, ಬೇರೆಬೇರೆ ದಾರಿಗಳಲ್ಲಿ ಸುತ್ತಿ ಬಂದು, ಬಸವಣ್ಣನವರು ವಿದ್ಯೆ ಕಲಿತ, ಅವರ ಐಕ್ಯಸ್ಥಳವೆಂದು ನಾವು ಭಾವಿಸುವ ಆ ಸಂಗಮದಲ್ಲಿಯೇ ಒಂದಾಗುತ್ತದೆ. ನಾವು ಅಲ್ಲಿಗೆ ಯಾತ್ರೆ ಹೋಗುತ್ತೇವೆ. ಆ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ನಮಗಿಂತ ಮೊದಲೇ ನಮ್ಮ ಮನೆಯ ಗಟಾರ ಅಲ್ಲಿಗೆ ಹೋಗಿರುತ್ತದೆ. ಎಲ್ಲ ಕೊಳೆಯೂ ಅಷ್ಟು ದೂರ ಮುಟ್ಟುತ್ತದೆಂದು ಹೇಳಲಾಗದು. ಹರಿಯುವ ನೀರು ಗಾಳಿ, ಬಿಸಿಲು, ಸೂಕ್ಷ್ಮಜೀವಿಗಳ ನೆರವಿನಿಂದ ತನ್ನನ್ನು ತಾನೇ ಒಂದು ಮಟ್ಟಿಗೆ ಶೋಧಿಸಿಕೊಳ್ಳುತ್ತದೆ. ಆದರೆ ಆ ಶಕ್ತಿಗೂ ಮಿತಿಯಿದೆ. ಪ್ಲಾಸ್ಟಿಕ್ಕನ್ನು ಯಾವ ನದಿಯೂ ಜೀರ್ಣಿಸಿಕೊಳ್ಳಲಾರದು.

ಮಿತಿ ಮೀರಿದ್ದಕ್ಕೆ ಪುರಾವೆಯೂ ಉಂಟು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆಯಿರಬಾರದು; ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವು 3 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಈ ಎರಡನೆಯ ಅಳತೆಯನ್ನು ಮೀರಿದ 351 ನದಿಪಾತ್ರಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದಾದ್ಯಂತ ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ಆ ಹದಿನೇಳರಲ್ಲಿ ನಮ್ಮ ಮಲಪ್ರಭೆಯ ಹೆಸರೂ ಇತ್ತು.

ನೀರು ತಿರುಗಿ ಬಂದಾಗ

ಕೊಳೆಯು ಸದಾ ಕೆಳಗಿನ ಊರಿನವರನ್ನೇ ಬಾಧಿಸುತ್ತದೆಂದು ತಿಳಿಯಬಾರದು. ಕೆಲವೊಮ್ಮೆ ಅದು ನಮ್ಮ ಬಾಗಿಲಿಗೇ ಮರಳುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯನ್ನು ಬೆಳಗಾವಿಯವರು ಮರೆತಿಲ್ಲ. ಬಳ್ಳಾರಿ ನಾಲೆ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರು ಭಾಗಗಳ ಭತ್ತದ ಗದ್ದೆಗಳು ನೀರಿನಲ್ಲಿ ಮುಳುಗಿದವು. ಸುವಾಸನೆಯ ಅಕ್ಕಿಗೆ ಹೆಸರಾದ ಆ ಗದ್ದೆಗಳಲ್ಲಿ ನಿಂತದ್ದು ಬರಿಯ ಮಳೆನೀರಲ್ಲ, ನಗರದ ಕೊಳೆಯೂ ಕೂಡಿದ ನೀರು. ಆ ಮಳೆ ಅಸಾಧಾರಣವಾಗಿತ್ತೆಂಬುದು ನಿಜ. ಆದರೆ ಹೂಳು, ಕಸ ತುಂಬಿ ಕಿರಿದಾದ ಗಟಾರವು ಸಾಧಾರಣ ಮಳೆಯನ್ನೂ ಪ್ರವಾಹವನ್ನಾಗಿ ಮಾಡಬಲ್ಲದು. ಮೇಲಾಗಿ ಊರು ಬೆಳೆದಂತೆ ಮಣ್ಣಿನ ಅಂಗಳಗಳು ಕಡಿಮೆಯಾಗಿ ಕಾಂಕ್ರೀಟಿನ ರಸ್ತೆಗಳು ಹೆಚ್ಚಿವೆ. ಹಿಂದೆ ನೆಲ ಕುಡಿಯುತ್ತಿದ್ದ ನೀರನ್ನೂ ಈಗ ಗಟಾರವೇ ಹೊರಬೇಕಾಗಿದೆ.

ಇನ್ನು ಬಾವಿಗಳ ಮಾತು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಮ್ಮ ಊರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕಾಗಿ ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. 1990ರ ದಶಕದಲ್ಲಿ ನಗರಕ್ಕೆ ನೀರಿನ ಅಭಾವ ತಲೆದೋರಿದಾಗ ಆ ಬಾವಿಯೂ ಸೇರಿದಂತೆ ಹಳೆಯ ಬಾವಿಗಳ ಹೂಳನ್ನು ತೆಗೆಸಿ ಮರಳಿ ಬಳಕೆಗೆ ತಂದರು. ಕಷ್ಟಕಾಲಕ್ಕೆ ಒದಗುವ ಆಪ್ತ ಬಂಧುಗಳವು. ಬಿರುಕುಬಿಟ್ಟ ಗಟಾರದಿಂದ ಇಂಗಿದ ಕೊಳೆನೀರು ಮೊದಲು ಕೆಡಿಸುವುದು ಇಂಥ ಬಾವಿಗಳನ್ನೇ.

ನಾನು ಮಾಡಿದ ತಪ್ಪು

ಮಕ್ಕಳನ್ನು ಈ ಕಾರ್ಯದಲ್ಲಿ ತೊಡಗಿಸಬೇಕೆಂದಾಗ ಬಹುಮಂದಿಗೆ ತೋಚುವುದು ಸ್ವಚ್ಛತಾ ಅಭಿಯಾನ. ಸಲಿಕೆ, ಬುಟ್ಟಿ, ಪೊರಕೆ, ಭಾವಚಿತ್ರ, ವರದಿ. ನನಗೂ ಅದೇ ತೋಚಿತ್ತು. ಇದನ್ನು ಬರೆಯಲು ಸಂಕೋಚವಾದರೂ, ಇತರರು ಅದೇ ತಪ್ಪನ್ನು ಮಾಡದಿರಲೆಂದು ಬರೆಯುತ್ತೇನೆ.

ನಾನು ವೃತ್ತಿಗೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ಉತ್ಸಾಹದಿಂದ ಎಂಟನೆಯ ಇಯತ್ತೆಯ ಮಕ್ಕಳನ್ನು ಶಾಲೆಯ ಮುಂದಿನ ಗಟಾರವನ್ನು ಬಳಿಯಲು ಇಳಿಸಿದೆ. ಯಾರು ಮುಂದೆ ಬಂದರೋ ಅವರನ್ನು ಇಳಿಸಿದೆ. ಯಾರು ಮುಂದೆ ಬಂದರು, ಯಾರು ಹಿಂದೆ ನಿಂತು ನೋಡಿದರು, ಏಕೆ ಹಾಗಾಯಿತು ಎಂಬುದನ್ನು ಆಗ ಯೋಚಿಸಲಿಲ್ಲ. ಒಬ್ಬ ಹುಡುಗನ ಕಾಲಿಗೆ ಒಡೆದ ಗಾಜು ಚುಚ್ಚಿತು. ಗಾಯ ಕೀವಾಗಿ, ಜ್ವರ ಬಂದು ಅವನು ಮೂರು ವಾರ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ತಂದೆ ಬಂದರು. ಅವರು ಗಟಾರ ಸ್ವಚ್ಛ ಮಾಡುವ ಕೆಲಸದವರೆಂಬುದು ನನಗೆ ಆಗಲೇ ತಿಳಿದದ್ದು. ಅವರು ಸಿಟ್ಟಾಗಲಿಲ್ಲ. ಬಾಗಿಲಲ್ಲಿಯೇ ನಿಂತು, "ಗುರುಗಳ, ನಾ ಗಟಾರ ಬಳಿಯೂದು ನನ್ನ ಮಗ ಬಳೀಬಾರದು ಅಂತ್ರಿ. ಅದಕ್ಕ ಅವನ್ನ ಸಾಲಿಗಿ ಕಳಸೇನಿ" ಎಂದಷ್ಟೇ ಹೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಗುಣಮುಖನಾಗಿ ಮರಳಿ ಬಂದದ್ದು ನನ್ನ ಪುಣ್ಯ. ಅವನು ಬರುವಷ್ಟರಲ್ಲಿ ನಾವು ಬಳಿದ ಗಟಾರ ಮತ್ತೆ ಮೊದಲಿನಂತೆಯೇ ತುಂಬಿತ್ತು. ಏಕೆಂದರೆ ಕಸ ಹಾಕುವವರಾರೂ ಬದಲಾಗಿರಲಿಲ್ಲ.

ಅಂದು ನಾನು ಎರಡು ಪಾಠಗಳನ್ನು ಕಲಿತೆ. ಮೊದಲನೆಯದು, ಯಾವ ಮಗುವನ್ನೂ, ಯಾವ ಕಾರಣಕ್ಕೂ, ಗಟಾರಕ್ಕೆ ಇಳಿಸಕೂಡದು. ಅಲ್ಲಿ ಗಾಜು, ತಗಡು, ಸೂಜಿಗಳಿರುತ್ತವೆ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ರಕ್ಷಣಾ ಸಾಧನಗಳಿಲ್ಲದೆ ದೊಡ್ಡವರನ್ನೇ ಒಳಚರಂಡಿಗೂ ಶೌಚಗುಂಡಿಗೂ ಇಳಿಸಬಾರದೆಂದು 2013ರ ಕಾಯಿದೆ ವಿಧಿಸಿರುವಾಗ ಮಕ್ಕಳ ಮಾತೇನು? ಕಾಯಕದ ಗೌರವವನ್ನು ಕಲಿಸುವ ಹೆಸರಿನಲ್ಲಿ, ತಲೆತಲಾಂತರದಿಂದ ಆ ಕೆಲಸದ ಭಾರ ಹೊತ್ತವರ ಮಕ್ಕಳ ಹೆಗಲಿಗೇ ಮತ್ತೆ ಅದನ್ನು ಏರಿಸುವುದು ಕಾಯಕದ ಅರ್ಥವನ್ನೇ ತಲೆಕೆಳಗು ಮಾಡಿದಂತೆ. ಎರಡನೆಯದು, ಗಟಾರವನ್ನು ಬಳಿಯುವುದರಿಂದ ನದಿ ಶುದ್ಧವಾಗದು. ಗಟಾರಕ್ಕೆ ಹಾಕುವುದನ್ನು ನಿಲ್ಲಿಸಿದರೆ ಶುದ್ಧವಾದೀತು. ಈ ಕಾರ್ಯಕ್ಕೆ ಮಕ್ಕಳ ಕೈ ಬೇಕಾಗಿಲ್ಲ. ಅವರ ಕಣ್ಣು ಬೇಕು, ಬಾಯಿ ಬೇಕು, ಲೆಕ್ಕ ಬೇಕು.

ಒಂದು ವರ್ಷದ ಪಾಠಕ್ರಮ

ಹಾಗಾದರೆ ಮಕ್ಕಳಿಂದ ಏನನ್ನು ಮಾಡಿಸಬೇಕು? ಅನುಭವದಿಂದ ಉಪಯುಕ್ತವೆಂದು ಕಂಡ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸುತ್ತೇನೆ. ಇವಕ್ಕೆ ಪ್ರತ್ಯೇಕ ತಾಸುಗಳು ಬೇಡ. ಇರುವ ವಿಷಯಗಳಲ್ಲಿಯೇ ಸೇರುತ್ತವೆ.

ಮೊದಲನೆಯದು ನಕ್ಷೆ. ಶಾಲೆ ಆರಂಭವಾದ ಮೊದಲ ವಾರದಲ್ಲಿ, ಮಳೆ ಬಲವಾಗುವ ಮುನ್ನ, ಪ್ರತಿಯೊಂದು ಮಗುವೂ ತನ್ನ ಮನೆಯ ಮುಂದಿನ ಗಟಾರ ಯಾವ ದಿಕ್ಕಿಗೆ ಹರಿಯುತ್ತದೆಂದು ನೋಡಿ ಬಾಣದ ಗುರುತಿನಿಂದ ಬರೆದು ತರಲಿ. ನಲವತ್ತು ಮಕ್ಕಳ ನಲವತ್ತು ಬಾಣಗಳನ್ನು ಒಂದು ದೊಡ್ಡ ಕಾಗದದ ಮೇಲೆ ಜೋಡಿಸಿದರೆ ಊರಿನ ನೀರಿನ ದಾರಿ ತಾನಾಗಿಯೇ ಮೂಡುತ್ತದೆ. ಭೂಗೋಲದ ಪುಸ್ತಕದಲ್ಲಿ ಉಪನದಿಯೆಂಬ ಶಬ್ದವನ್ನು ಕಂಠಪಾಠ ಮಾಡಿದ ಮಗುವಿಗೆ, ತನ್ನ ಓಣಿಯ ಗಟಾರವೇ ಒಂದು ಉಪನದಿಯೆಂದು ಅಂದು ಅರಿವಾಗುತ್ತದೆ.

ಎರಡನೆಯದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆಯಾದರೆ 1,000 ಲೀಟರ್. 200 ಮೀಟರ್ ಉದ್ದ, 6 ಮೀಟರ್ ಅಗಲದ ಓಣಿಯ ಮೇಲೆ 25 ಮಿಲಿಮೀಟರ್ ಮಳೆಯಾದರೆ 30,000 ಲೀಟರ್. ಇಷ್ಟು ನೀರು ಹಾದುಹೋಗಬೇಕಾದ ಗಟಾರದಲ್ಲಿ ಅರ್ಧ ಕಸವೇ ತುಂಬಿದ್ದರೆ ಉಳಿದ ನೀರು ಎಲ್ಲಿಗೆ ಹೋಗಬೇಕೆಂದು ಮಕ್ಕಳೇ ಹೇಳುತ್ತಾರೆ.

ಮೂರನೆಯದು ವಿಜ್ಞಾನ. ಶಿಕ್ಷಕರು ತಾವೇ, ಹಗ್ಗ ಕಟ್ಟಿದ ಡಬ್ಬಿಯಿಂದ, ಮೊದಲ ಮಳೆಯ ದಿನ, ಒಂದು ವಾರದ ನಂತರ ಮತ್ತು ಒಂದು ತಿಂಗಳ ನಂತರ ಗಟಾರದ ನೀರನ್ನು ತೆಗೆದು ಮೂರು ಗಾಜಿನ ಬಾಟಲಿಗಳಲ್ಲಿ ತುಂಬಿ ಮುಚ್ಚಳ ಬಿಗಿದಿಡಲಿ. ಬಾಟಲಿಯ ಹಿಂದೆ ಮುದ್ರಿತ ಹಾಳೆಯನ್ನು ಹಿಡಿದು, ಅಕ್ಷರ ಕಾಣುವುದೋ ಇಲ್ಲವೋ ಎಂದು ಮಕ್ಕಳು ದೂರದಿಂದ ಪರೀಕ್ಷಿಸಲಿ. ತಳದಲ್ಲಿ ಕುಳಿತ ಹೂಳಿನ ಎತ್ತರವನ್ನು ಅಳೆಯಲಿ. ಮೇಲೆ ತೇಲುವ ಎಣ್ಣೆಯ ಪೊರೆಯನ್ನು ಗಮನಿಸಲಿ. ಮೊದಲ ಮಳೆಯ ಬಾಟಲಿಯನ್ನು ಕಂಡ ಮಗುವಿಗೆ ಉಪನ್ಯಾಸ ಬೇಕಾಗುವುದಿಲ್ಲ. ಮಳೆ ಜೋರಾಗಿರುವಾಗ ಮಾತ್ರ ಯಾರೂ ಗಟಾರದ, ನಾಲೆಯ ಹತ್ತಿರ ಹೋಗಕೂಡದೆಂಬ ಕಟ್ಟುನಿಟ್ಟಿನ ನಿಯಮವಿರಲಿ. ತುಂಬಿ ಹರಿಯುವ ನೀರಿನಲ್ಲಿ ಗಟಾರದ ಬಾಯಿ ಕಾಣುವುದಿಲ್ಲ.

ನಾಲ್ಕನೆಯದು ಮನೆಯ ಶೋಧ. ತನ್ನ ಮನೆಯಿಂದ ಗಟಾರಕ್ಕೆ ಹೋಗುವ ವಸ್ತುಗಳು ಯಾವುವೆಂದು ಒಂದು ವಾರ ಬರೆದಿಡಲು ಹೇಳಬೇಕು. ತಪ್ಪು ಹುಡುಕುವುದಕ್ಕಲ್ಲ, ಇವುಗಳಲ್ಲಿ ಯಾವುದಕ್ಕೆ ಬೇರೆ ದಾರಿಯುಂಟೆಂದು ಯೋಚಿಸುವುದಕ್ಕೆ. ಕರಿದ ಎಣ್ಣೆಯನ್ನು ಕಾಗದದಲ್ಲಿ ಹೀರಿಸಿ ಕಸಕ್ಕೆ ಹಾಕಬಹುದು. ತರಕಾರಿಯ ಸಿಪ್ಪೆ ಗೊಬ್ಬರವಾಗುತ್ತದೆ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಬಹುದು. ಅಜ್ಜಿಯರನ್ನು ಕೇಳಿದರೆ ಇನ್ನೂ ಹತ್ತು ದಾರಿ ಹೇಳಿಯಾರು. ಹಿತ್ತಲಿದ್ದ ಕಾಲದಲ್ಲಿ ಮನೆಯ ನೀರು ಬಾಳೆಯ ಬುಡವನ್ನು ದಾಟಿ ಹೋಗುತ್ತಿರಲಿಲ್ಲ.

ಹಳದಿ ಮೀನು ಮತ್ತು ಖಾನಾಪುರದ ಹಂಚು

ಐದನೆಯದಾಗಿ, ದೂರದೇಶದ ಒಂದು ಉಪಾಯವನ್ನು ಹೇಳಬೇಕು. ಕೆನಡಾ ದೇಶದಲ್ಲಿ 1991ರಿಂದ 'ಹಳದಿ ಮೀನಿನ ದಾರಿ' ಎಂಬ ಕಾರ್ಯಕ್ರಮ ನಡೆದುಬಂದಿದೆ. ಅಲ್ಲಿ ಶಾಲಾ ಬಾಲಕ ಬಾಲಕಿಯರು ಬೀದಿಯ ಮಳೆನೀರಿನ ಗಟಾರದ ಬಾಯಿಯ ಬಳಿ ಹಳದಿ ಬಣ್ಣದಲ್ಲಿ ಮೀನಿನ ಚಿತ್ರವನ್ನು ಬರೆಯುತ್ತಾರೆ. ನೆರೆಮನೆಗಳಿಗೆ ಅದರ ಅರ್ಥವನ್ನು ತಿಳಿಸುವ ಚೀಟಿಗಳನ್ನು ಹಂಚುತ್ತಾರೆ. ಇಲ್ಲಿ ಹಾಕಿದ್ದು ಮೀನಿರುವ ನೀರಿಗೆ ಹೋಗುತ್ತದೆಂಬುದಷ್ಟೇ ಆ ಚಿತ್ರದ ಮಾತು. ಕೊಳೆ ಎತ್ತುವ ಕೆಲಸ ಅವರದಲ್ಲ. ನೆನಪಿಸುವ ಕೆಲಸ ಅವರದು.

ನಮ್ಮಲ್ಲಿ ಮುಂಗಾರಿನ ಹೊಡೆತಕ್ಕೆ ಬಣ್ಣ ನಿಲ್ಲಲಾರದು. ಆದರೆ ನಮ್ಮ ಬಳಿ ಖಾನಾಪುರವಿದೆ. ಮಣ್ಣಿನ ಪಾತ್ರೆಗೂ ಹಂಚಿಗೂ ಹೆಸರಾದ ಊರದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಅಂಗೈಯಗಲದ ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಒಂದು ಮೀನು, ಅದರ ಕೆಳಗೆ 'ಈ ನೀರು ಮಲಪ್ರಭೆಗೆ' ಅಥವಾ 'ಈ ನೀರು ಮಾರ್ಕಂಡೇಯಕ್ಕೆ' ಎಂಬ ಮಾತು. ಮಕ್ಕಳು ಹಸಿ ಮಣ್ಣಿನಲ್ಲಿ ಕೊರೆದುಕೊಡಲಿ, ಕುಂಬಾರರು ಸುಟ್ಟುಕೊಡಲಿ, ಗಟಾರದ ಬದಿಯ ಗೋಡೆಯಲ್ಲಿ ಮನೆಯವರ ಒಪ್ಪಿಗೆ ಪಡೆದು ಗವಂಡಿಯವರು ಕೂರಿಸಲಿ. ಕನ್ನಡ ಓದುವವರೂ ಮರಾಠಿ ಓದುವವರೂ ಒಂದೇ ಓಣಿಯಲ್ಲಿ ಬಾಳುವ ನಮ್ಮ ಸೀಮೆಯಲ್ಲಿ ಮೀನಿನ ಚಿತ್ರ ಎಲ್ಲರಿಗೂ ತಿಳಿಯುತ್ತದೆಂಬುದು ಇದರ ಇನ್ನೊಂದು ಲಾಭ. ನೀರಿಗೆ ಗಡಿಯ ವಿವಾದ ಗೊತ್ತಿಲ್ಲ.

ಹಿರಿಯರ ಹೊಣೆ

ಇಷ್ಟೆಲ್ಲವನ್ನೂ ಮಕ್ಕಳಿಂದ ಮಾಡಿಸಿ ಹಿರಿಯರು ಸುಮ್ಮನಿದ್ದರೆ ಅದು ಶಿಕ್ಷಣವಲ್ಲ, ವಂಚನೆ. ಜಲಮಾಲಿನ್ಯ ನಿವಾರಣೆಯ ಕಾಯಿದೆ ಬಂದದ್ದು 1974ರಲ್ಲಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ್ದು 2016ರಲ್ಲಿ. ಕಾನೂನಿನ ಕೊರತೆ ನಮಗಿಲ್ಲ. ಮಕ್ಕಳ ನಕ್ಷೆಯಲ್ಲಿ ಒಂದು ಒಡೆದ ಗಟಾರ, ಒಂದು ಮುಚ್ಚಿಹೋದ ಮೋರಿ ಕಂಡರೆ ಆ ನಕ್ಷೆಯನ್ನು ಮಹಾನಗರ ಪಾಲಿಕೆಗೋ ಪಟ್ಟಣ ಪಂಚಾಯಿತಿಗೋ ಒಯ್ದು ಕೊಟ್ಟು, ಉತ್ತರ ಬರುವವರೆಗೆ ಬೆನ್ನು ಹತ್ತುವುದು ನಮ್ಮ ಕೆಲಸ. ಆ ಉತ್ತರವನ್ನು ತರಗತಿಯಲ್ಲಿ ಓದಿ ಹೇಳುವುದೂ ಅಷ್ಟೇ ಮುಖ್ಯ. ತಾವು ಬರೆದದ್ದಕ್ಕೆ ಲೋಕದಲ್ಲಿ ಬೆಲೆಯುಂಟೆಂದು ಮಕ್ಕಳಿಗೆ ತಿಳಿಯಬೇಕು.

ಪರೀಕ್ಷೆಯನ್ನು ನಮ್ಮಿಂದಲೇ ಆರಂಭಿಸಬೇಕೆಂಬುದು ನನ್ನ ವಿನಮ್ರ ಅಭಿಪ್ರಾಯ. ಮಠಗಳ ಪ್ರಸಾದ ನಿಲಯಗಳಲ್ಲಿ ದಿನವೂ ನೂರಾರು ತಾಟುಗಳನ್ನು ತೊಳೆಯುತ್ತಾರೆ. ಆ ಮುಸುರೆಯ ನೀರು ಎಲ್ಲಿಗೆ ಹೋಗುತ್ತದೆ? ಅನ್ನದ ಅಗುಳನ್ನು ತಡೆಯುವ ಒಂದು ಜಾಲರಿ, ಜಿಡ್ಡನ್ನು ತಡೆಯುವ ಒಂದು ಸಣ್ಣ ತೊಟ್ಟಿ, ಉಳಿದ ನೀರನ್ನು ಒಯ್ದು ಬಾಳೆಯ ತೋಟಕ್ಕೆ ಬಿಡುವ ಒಂದು ಕಾಲುವೆ ಇಷ್ಟಿದ್ದರೆ ದಾಸೋಹದ ಪುಣ್ಯವು ಗಟಾರದ ಪಾಪವಾಗಿ ಕೊನೆಗೊಳ್ಳುವುದಿಲ್ಲ. ಮಾಳಿಗೆಯ ನೀರನ್ನು ನೆಲಕ್ಕೆ ಇಂಗಿಸುವ ಒಂದು ಗುಂಡಿಯಿದ್ದರೆ ಗಟಾರದ ಭಾರವೂ ಇಳಿಯುತ್ತದೆ. ಕೊಠಡಿಗಳಿಗೂ ಸಭಾಭವನಗಳಿಗೂ ಉದಾರವಾಗಿ ನೀಡಿದ ದಾನಿಗಳ ಹೆಸರುಗಳು ಗೋಡೆಗಳ ಮೇಲೆ ಶೋಭಿಸುತ್ತಿವೆ, ಅದು ಸಲ್ಲತಕ್ಕದ್ದೇ. ಆದರೆ ನೆಲದಡಿಯ ಇಂಗುಗುಂಡಿಯ ಮೇಲೆ ಹೆಸರು ಕೆತ್ತಿಸಲಾಗದು. ಹೆಸರಿಲ್ಲದ ಆ ದಾನಕ್ಕೂ ಯಾರಾದರೂ ಮುಂದೆ ಬರಲೆಂದು ಪ್ರಾರ್ಥಿಸುತ್ತೇನೆ.

ಹಳೆಯ ವಿದ್ಯಾರ್ಥಿಗಳಲ್ಲಿ ಅಭಿಯಂತರಿದ್ದಾರೆ, ವೈದ್ಯರಿದ್ದಾರೆ, ರೈತರಿದ್ದಾರೆ, ಅಂಗಡಿಕಾರರಿದ್ದಾರೆ. ವರ್ಷಕ್ಕೊಮ್ಮೆ ಒಂದು ತಾಸು ಬಂದು, ತಮಗೆ ತಿಳಿದ ನೀರಿನ ಸಂಗತಿಯನ್ನು ಮಕ್ಕಳಿಗೆ ಹೇಳಿದರೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೊಂದಿಲ್ಲ. ಬಳ್ಳಾರಿ ನಾಲೆಯ ದಂಡೆಯ ರೈತರೊಬ್ಬರು ಬಂದು ಆಗಸ್ಟ್ ತಿಂಗಳಲ್ಲಿ ತಮ್ಮ ಗದ್ದೆಯಲ್ಲಿ ಏನೇನು ತೇಲಿಬರುತ್ತದೆಂದು ಹೇಳಿದರೆ, ಅದು ನಮ್ಮೆಲ್ಲ ಪಾಠಗಳಿಗಿಂತ ಬಲವಾದ ಪಾಠವಾದೀತು.

ಮುಂದಿನ ಮುಂಗಾರಿನಲ್ಲಿಯೂ ಮಕ್ಕಳು ಕಾಗದದ ದೋಣಿಯನ್ನು ಬಿಟ್ಟೇ ಬಿಡುತ್ತಾರೆ. ಗದರಿಸುವ ಮೊದಲು ಹತ್ತಿರ ಕರೆದು, ಅದು ಹೋಗುವ ದಾರಿಯನ್ನು ಹೇಳೋಣ: ಈ ಗಟಾರ, ಆ ನಾಲೆ, ಮಾರ್ಕಂಡೇಯ, ಘಟಪ್ರಭೆ, ಕೃಷ್ಣೆ, ಕೂಡಲಸಂಗಮ. ಹೇಳುವಾಗ ನಮ್ಮ ದನಿ ತಡವರಿಸದಂತೆ ನಾವು ಬಾಳಿದರೆ ಸಾಕು.